ಗುರುವಾರದ ಎರಡನೇ ತಟ್ಟೆ

ಸತ್ತ ಮನುಷ್ಯನಿಗೆ ಊಟಕ್ಕೆ ಕರೆ ಬಂದದ್ದನ್ನು ನೀವು ಯಾರಾದರೂ ಕಂಡಿದ್ದೀರಾ? ನಾನು ಕಂಡೆ. ಶಿವರಾತ್ರಿ ಕಳೆದ ವಾರ, ಬಾಣಸವಾಡಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ನನ್ನ ಗಂಡ ಈರಣ್ಣನವರು ತೀರಿಕೊಂಡು ಹನ್ನೊಂದನೇ ತಿಂಗಳು ನಡೆಯುತ್ತಿತ್ತು. ಅವರ ಫೋನು ಈಗ ನನ್ನ ಕೈಯಲ್ಲಿರುತ್ತದೆ, ನಂಬರೂ ಅದೇ. ಅದಕ್ಕೊಂದು ಸಂದೇಶ ಬಂತು.

‘ಸಾರ್ ನಮಸ್ಕಾರ. ಹೋಟೆಲ್ ರಿಪೇರಿ ಮುಗೀತು, ವರ್ಷ ಆದ್ಮೇಲೆ ತಿರ್ಗಾ ತೆಗ್ದಿದ್ದೀವಿ. ಗುರುವಾರ ಯಾವಾಗ್ಲೂ ಥರ ನಿಮ್ಮಿಬ್ಬರ ಟೇಬಲ್ ಇಟ್ಟಿರ್ಲಾ?’

ಬಸ್ಸು ಬಂತು, ಹೋಯಿತು. ಅದರ ಹಿಂದಿನದೂ ಹೋಯಿತು. ನಾನು ‘ನಿಮ್ಮಿಬ್ಬರ’ ಎನ್ನುವ ಆ ಒಂದು ಮಾತನ್ನೇ ನೋಡುತ್ತಾ ನಿಂತಿದ್ದೆ. ಅವರು ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಒಬ್ಬರೇ ಇದ್ದರು. ನಾನು ಬೆಟಗೇರಿಯಲ್ಲಿದ್ದೆ. ಹಾಗಾದರೆ ಇನ್ನೊಬ್ಬರು ಯಾರು?

ನಮ್ಮ ಓಣಿಯವರಿಗೆ ನನ್ನ ಕಥೆ ಗೊತ್ತು, ಉಳಿದವರಿಗಾಗಿ ಎರಡು ಮಾತು. ನಮ್ಮದು ಗದಗ ಬೆಟಗೇರಿಯ ನೇಕಾರರ ಮನೆ. ಇವರೊಬ್ಬರು ಮಗ್ಗ ಬಿಟ್ಟು ಓದಿ, ಸರ್ಕಾರಿ ವಿಮಾ ಕಚೇರಿಯಲ್ಲಿ ನೌಕರಿ ಹಿಡಿದರು. ಮೊದಲು ಗದಗಿನಲ್ಲೇ ಇದ್ದರು, ಆಮೇಲೆ ಬೆಂಗಳೂರಿಗೆ ವರ್ಗವಾಯಿತು. ತಿಂಗಳಿಗೊಮ್ಮೆ ಊರಿಗೆ ಬರುವರು. ಹೋದ ಯುಗಾದಿಗೆ ರಜೆ ಹಾಕಿ ಬಂದವರು, ಬೇವುಬೆಲ್ಲ ತಿಂದ ಮೂರನೇ ದಿನ ಮುಂಜಾನೆ ಹಲ್ಲುಜ್ಜುತ್ತಾ ಬಚ್ಚಲ ಬಾಗಿಲಲ್ಲೇ ಕುಸಿದರು. ನಮಗೆ ಮಕ್ಕಳಿಲ್ಲ. ಅನುಕಂಪದ ಆಧಾರದ ಮೇಲೆ ನೌಕರಿಯನ್ನು ನನಗೆ ಕೊಟ್ಟರು. ಅತ್ತೆಯನ್ನು ಮೈದುನನ ಸಂಸಾರಕ್ಕೆ ಒಪ್ಪಿಸಿ, ದೀಪಾವಳಿ ಮುಗಿಸಿಕೊಂಡು ನಲವತ್ಮೂರನೇ ವಯಸ್ಸಿಗೆ ನಾನು ಬೆಂಗಳೂರಿಗೆ ಬಂದೆ. ಗಂಡ ಇರುವಾಗ ನೋಡಬೇಕೆಂದಿದ್ದ ಊರನ್ನು ಗಂಡ ಹೋದ ಮೇಲೆ ನೋಡಿದೆ.

ಬಾಣಸವಾಡಿಯಲ್ಲಿ ಅವರಿದ್ದ ಬಾಡಿಗೆ ಕೋಣೆಯಲ್ಲೇ ನಾನೂ ಇದ್ದೇನೆ. ಹೊಸ ಊರಿನಲ್ಲಿ ಮನೆ ಹುಡುಕುವ ಪಾಡು ಎಲ್ಲರೂ ಬರೆಯುತ್ತಾರೆ. ನನ್ನ ಪಾಡು ಬೇರೆ. ಮನೆ ಸಿಕ್ಕಿತ್ತು, ಆದರೆ ಅದು ಖಾಲಿಯಾಗಿರಲಿಲ್ಲ. ಗಾದಿಯಲ್ಲಿ ಅವರ ಮೈಯ ತಗ್ಗು ಇತ್ತು. ಗೋಡೆಯ ಮೊಳೆಯಲ್ಲಿ ಅವರ ಟವೆಲ್ಲು ನೇತಾಡುತ್ತಿತ್ತು. ಕನ್ನಡಿ ಅವರ ಎತ್ತರಕ್ಕೆ ಹೊಡೆದದ್ದು, ನನಗೆ ನನ್ನ ಹಣೆ ಮಾತ್ರ ಕಾಣುತ್ತಿತ್ತು. ಎಷ್ಟೋ ದಿನ ಹಾಗೇ ಕುಂಕುಮವಿಲ್ಲದ ಹಣೆಯನ್ನಷ್ಟೇ ನೋಡಿಕೊಂಡು ಕಚೇರಿಗೆ ಹೋದೆ. ಕನ್ನಡಿ ಇಳಿಸಿ ಹೊಡೆಯಲು ಧೈರ್ಯ ಬಂದದ್ದು ಸಂಕ್ರಾಂತಿಯ ಹೊತ್ತಿಗೆ.

ಬೆಟಗೇರಿಯಲ್ಲಿ ಬೆಳಗಾದರೆ ಮಗ್ಗದ ಸದ್ದು. ಒಂದು ಮನೆಯ ಮಗ್ಗ ನಿಂತರೂ ಓಣಿಗೆಲ್ಲ ಗೊತ್ತಾಗಿ, ಯಾಕೆ ಎಂದು ಕೇಳಲು ನಾಲ್ಕು ಜನ ಬರುತ್ತಾರೆ. ಇಲ್ಲಿ ನನಗೆ ಮೂರು ದಿನ ಜ್ವರ ಬಂದಾಗ ಬಾಗಿಲು ತಟ್ಟಿದವನು ಗ್ಯಾಸ್ ಸಿಲಿಂಡರಿನವನೊಬ್ಬನೇ, ಅದೂ ‘ಈರಣ್ಣ ಅಂದ್ರೆ ಯಾರು?’ ಎಂದು ಕೇಳಲು. ಕಚೇರಿಯಲ್ಲಿ ನಾನು ಬಾಯಿ ಬಿಟ್ಟರೆ ‘ಮೇಡಂ ಕನ್ನಡ ಸೂಪರ್, ನಾಟಕದ ಥರ ಇದೆ’ ಎಂದು ನಗುತ್ತಾರೆ. ಈರಣ್ಣನವರಿಗೂ ಹಾಗೇ ಹೇಳಿದ್ದಿರಬೇಕು, ಅವರೂ ಸುಮ್ಮನೆ ನಕ್ಕಿರಬೇಕು.

ಹಾಗಂತ ಅಳುತ್ತಲೇ ಕೂತಿಲ್ಲ. ಶಿವಾಜಿನಗರದಲ್ಲಿ ಬಟ್ಟೆಯಂಗಡಿಯವನು ಮೇಲೆ ಬಿದ್ದು ಕರೆದರೆ ‘ನಕ್ಕೋ ಭಾಯ್’ ಎನ್ನಲು ಕಲಿತಿದ್ದೇನೆ. ನಕ್ಕೋ ಎಂದರೆ ಅಲ್ಲಿಯ ಮಾತಿನಲ್ಲಿ ಬೇಡ ಎಂದು. ಹಲಸೂರಿನ ಹೂವಿನವಳು ಚಿಲ್ಲರೆಯಿಲ್ಲದಾಗ ‘ಪರವಾಯಿಲ್ಲೆ’ ಎಂದರೆ ಅಡ್ಡಿಯಿಲ್ಲ ಎಂದರ್ಥ, ಅದನ್ನೂ ಕಲಿತೆ. ಬಾಗಲಕೋಟೆಯ ಹೆಂಗಸೊಬ್ಬಳು ರೊಟ್ಟಿ ಬಡಿದು ಮಾರುವ ಜಾಗ ಪತ್ತೆಹಚ್ಚಿದ ದಿನ ನನಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಗಿತ್ತು.

ಆ ಸಂದೇಶ ಬರುವ ಎರಡು ದಿನ ಮೊದಲು ಅತ್ತೆ ಫೋನು ಮಾಡಿದ್ದರು. ನಮ್ಮಲ್ಲಿ ಸತ್ತವರ ವರ್ಷದ ದಿನ ಎಡೆ ಇಡುತ್ತಾರೆ. ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಾಡಿ, ಫೋಟೊದ ಮುಂದೆ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಒಳಗೆ ಅವರು ಬಂದು ಉಂಡು ಹೋಗುತ್ತಾರೆಂಬ ನಂಬಿಕೆ.

“ಸುವರ್ಣಾ, ಹೋಳಗಿ ಕಡಬು ನಾ ಮಾಡ್ತೀನಿ,” ಎಂದರು ಅತ್ತೆ. “ಆದ್ರ ಅವಾ ಹನ್ನೊಂದ ವರ್ಷ ಅಲ್ಲೇ ಉಂಡಾನ. ಅಲ್ಲಿ ಅವಗ ಏನ್ ಸೇರತಿತ್ತು, ಅದನ್ನ ತಗೊಂಡ ಬಾ. ಬ್ಯಾರೆ ಬಾಯಿರುಚಿ ಹತ್ತಿದಾಂವಗ ಬರೇ ನಮ್ಮ ಮನಿ ಅಡಗಿ ಇಟ್ರ, ಅರ್ಧಾ ಹಸಗೊಂಡ ಹೋಗ್ತಾನವಾ.”

“ಆತ್ರೀ,” ಎಂದೆ. ಫೋನಿಟ್ಟೆ. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ, ನನ್ನ ಗಂಡ ಇಲ್ಲಿ ಏನು ತಿನ್ನುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ‘ಊಟ ಆತೇನ್ರೀ’ ಎಂದು ದಿನಾ ಫೋನಿನಲ್ಲಿ ಕೇಳುವೆ, ‘ಮೆಸ್ಸಿನ್ಯಾಗ ಅನ್ನ ಸಾರು’ ಎಂದು ದಿನಾ ಹೇಳುವರು. ಆ ಮೆಸ್ಸಿನವರನ್ನೇ ಹೋಗಿ ಕೇಳಿದೆ. ಯಜಮಾನರು ನೆನಪಿಸಿಕೊಂಡು, “ಒಳ್ಳೇ ಮನುಷ್ಯ. ಏನು ಕೊಟ್ರೂ ತಿನ್ನೋರು. ಗುರುವಾರ ಸಂಜೆ ಮಾತ್ರ ನಮ್ದು ರಜಾ, ಅವತ್ತು ಎಲ್ಲೋ ಹೊರಗೆ ಹೋಗೋರು,” ಎಂದರು. ಗುರುವಾರ ಕೂಡ ನನಗೆ ಅನ್ನ ಸಾರಿನ ಲೆಕ್ಕವನ್ನೇ ಕೊಟ್ಟಿದ್ದರು ಮಹಾರಾಯರು.

ಈ ಸಂದೇಶ ಓದಿದಾಗ ಆ ಗುರುವಾರ ನೆನಪಾಯಿತು. ಇಷ್ಟು ವಯಸ್ಸಿನ ಗಂಡಸು, ಒಂಟಿ ಕೋಣೆ, ವಾರಕ್ಕೊಂದು ದಿನ ಇಬ್ಬರ ಟೇಬಲ್. ಯಾವ ಹೆಂಡತಿಗಾದರೂ ಏನು ಅನ್ನಿಸುತ್ತದೋ ನನಗೂ ಅದೇ ಅನ್ನಿಸಿತು. ಸತ್ತವರ ಮೇಲೆ ಸಿಟ್ಟಾಗುವುದು ಬಹಳ ಕಷ್ಟದ ಕೆಲಸ. ಜಗಳ ಪೂರ್ತಿ ನಾವೊಬ್ಬರೇ ಆಡಬೇಕು. ಎರಡು ದಿನ ಆಡಿದೆ. ಮೂರನೇ ದಿನ ಆ ಸಂದೇಶಕ್ಕೆ ‘ಇಡಿ, ಬರುತ್ತೇವೆ’ ಎಂದು ಉತ್ತರ ಬರೆದೆ. ಹೋಟೆಲಿನ ವಿಳಾಸ ಸಂದೇಶದ ಕೆಳಗೇ ಇತ್ತು.

ಗುರುವಾರ ಕಚೇರಿ ಮುಗಿಸಿ ನಡೆದೇ ಹೋದೆ. ಇಂದಿರಾನಗರದ ನೂರಡಿ ರಸ್ತೆಯ ಗದ್ದಲ ಬಿಟ್ಟು ಒಳಗಿನ ಅಡ್ಡರಸ್ತೆಗೆ ತಿರುಗಿದರೆ ಮರಗಳ ಕೆಳಗೆ ಹಳೆಯ ಮನೆಗಳು. ಅಂಥ ಒಂದು ಮನೆಯ ಮುಂಗೋಣೆಯೇ ಆ ಹೋಟೆಲು. ಆರು ಟೇಬಲ್, ಹಳದಿ ಬೆಳಕು. ಇಟಾಲಿಯನ್ ಊಟದ ಜಾಗ ಎಂದು ಬೋರ್ಡು ನೋಡಿದ ಮೇಲೆಯೇ ಗೊತ್ತಾಯಿತು. ನಾನು ಚಪ್ಪಲಿ ಹೊರಗೆ ಬಿಟ್ಟೆ. ಒಳಗೆ ಎಲ್ಲರ ಕಾಲಲ್ಲೂ ಚಪ್ಪಲಿ ನೋಡಿ ಮತ್ತೆ ಹೋಗಿ ಹಾಕಿಕೊಂಡು ಬಂದೆ.

ಕಿಟಕಿಯ ಪಕ್ಕ, ಗಿರಾಕಿಗಳಿಗೆ ಕಾಣುವಂತೆಯೇ, ಉದ್ದನೆಯ ಮರದ ಹಲಗೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಹತ್ತಿರದ ವಯಸ್ಸು, ಎರಡೂ ಕಡೆ ಮೂಗುಬೊಟ್ಟು. ಗೋಧಿ ಕಣಕವನ್ನು ಹುರಿಯಂತೆ ಹೊಸೆದು, ಕಡಲೆಗಾತ್ರ ಕತ್ತರಿಸಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ಎಳೆದು ಬಿಡುತ್ತಿದ್ದಳು. ನಾನು ನಿಂತಲ್ಲೇ ನಿಂತೆ. ಇದು ನನಗೆ ಗೊತ್ತಿದ್ದ ಕೆಲಸ. ನಮ್ಮಲ್ಲಿ ಬೇಸಿಗೆ ಬಂದರೆ ಶಾವಿಗೆ, ಗೌಲಿ ಮಾಡುವುದು ಹೀಗೆಯೇ. ಗೌಲಿ ಎಂದರೆ ಬೆರಳ ತುದಿಯಲ್ಲಿ ಹೊಸೆದ ಕಾಳಿನಷ್ಟು ಸಣ್ಣ ಹಿಟ್ಟಿನ ತುಣುಕು, ಹುಗ್ಗಿಗೆ ಹಾಕುವುದು. ಇವಳದು ಸ್ವಲ್ಪ ದೊಡ್ಡದು, ಕಿವಿಯ ಆಕಾರ. ಕೈ ಮಾತ್ರ ನಮ್ಮ ಓಣಿಯವರದೇ.

“ಈರಣ್ಣನವರ ಟೇಬಲ್ಲು ಯಾವುದ್ರೀ?” ಎಂದೆ.

ಅವಳ ಹೆಬ್ಬೆರಳು ನಿಂತಿತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಮುಖವೆಲ್ಲ ಅರಳಿತು.

“ಅಯ್ಯೋ ದೇವ್ರೇ, ಮೇಡಂ! ನೀವೇ ಅಲ್ವಾ? ಸಾರ್ ಮನೆಯವರು! ಮಾತು ಕೇಳ್ತಿದ್ದ ಹಾಗೇ ಗೊತ್ತಾಗೋಯ್ತು, ಸಾರ್ ಥರಾನೇ ಮಾತಾಡ್ತೀರಾ. ಕೊನೆಗೂ ಬಂದ್ಬಿಟ್ರಲ್ಲಾ! ಐದು ವರ್ಷ ಮೇಡಂ, ಐದು ವರ್ಷದಿಂದ ನಿಮಗೆ ಟೇಬಲ್ ಹಾಕ್ತಾ ಇದ್ದೀನಿ ನಾನು.” ಕೈಯ ಹಿಟ್ಟು ಒರೆಸಿಕೊಂಡು ನನ್ನ ಬೆನ್ನ ಹಿಂದೆ ಬಾಗಿಲಿನತ್ತ ನೋಡಿದಳು. “ಸಾರ್ ಎಲ್ಲಿ? ಹಿಂದೆ ಬರ್ತಿದ್ದಾರಾ?”

ನನ್ನ ಬಾಯಿಂದ ಏನು ಬಂತು ಗೊತ್ತೇ? “ಬರ್ತಾರ,” ಎಂದೆ.

ಯಾಕೆ ಹಾಗೆಂದೆನೋ. ಅಷ್ಟು ಸಂತೋಷದ ಮುಖದ ಮೇಲೆ ಸಾವಿನ ಸುದ್ದಿ ಎಸೆಯಲು ಮನಸ್ಸಾಗಲಿಲ್ಲ. ಇಲ್ಲಿ ಅವರು ಇನ್ನೂ ಸತ್ತಿರಲಿಲ್ಲ, ಅದೂ ಒಂದು ಕಾರಣವಿರಬಹುದು. ಬೆಟಗೇರಿಯಲ್ಲಿ ಸತ್ತರು, ಕಚೇರಿಯಲ್ಲಿ ಸತ್ತರು, ಬ್ಯಾಂಕಿನ ಕಾಗದದಲ್ಲಿ ಸತ್ತರು. ಈ ಒಂದು ಕೋಣೆಯಲ್ಲಿ ಮಾತ್ರ ಹಿಂದೆ ಬರುತ್ತಿದ್ದರು.

ಅವಳ ಹೆಸರು ಸೆಲ್ವಿ. ಹಲಸೂರಿನವಳು. ಮನೆ ಮಾತು ತಮಿಳು, ಹೋಟೆಲಿನ ಒಡತಿ ಇಟಲಿಗೆ ಹೋಗಿ ಕಲಿತು ಬಂದದ್ದನ್ನು ಇವಳಿಗೆ ಕಲಿಸಿದ್ದಾರೆ. ಮೂಲೆಯ ಸಣ್ಣ ಟೇಬಲ್ಲಿಗೆ ನನ್ನನ್ನು ಕೂರಿಸಿ, ಎದುರಿನ ಖಾಲಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದು, ಎರಡು ತಟ್ಟೆ ಇಟ್ಟಳು.

“ಸಾರ್ ಯಾವಾಗ್ಲೂ ಹೀಗೇ. ಒಂದೇ ಊಟ ಹೇಳೋರು, ತಟ್ಟೆ ಎರಡು. ಅರ್ಧ ನಿಮ್ಮ ತಟ್ಟೆಗೆ ಹಾಕಿ, ಬಾಗಿಲು ನೋಡ್ಕೊಂಡು ತಿನ್ನೋರು. ಆಮೇಲೆ, ‘ಸೆಲ್ವಿ, ಇವತ್ತೂ ಅವಳಿಗೆ ಬಸ್ ತಪ್ಪಿತು’ ಅಂತ ನಕ್ಕೊಂಡು ನಿಮ್ಮ ಪಾಲೂ ಅವರೇ ತಿಂದ್ಬಿಡೋರು. ನಾನೂ ಕೇಳ್ತಿದ್ದೆ, ಅದ್ಯಾವ ಬಸ್ ಸಾರ್, ಐದು ವರ್ಷದಿಂದ ತಪ್ತಾನೇ ಇದೆ ಅಂತ.”

“ಮೊದಲ ಸಲ ಯಾವಾಗ ಬಂದ್ರು?” ಎಂದು ಕೇಳಿದೆ.

“ಒಂದು ಬೇಸಿಗೇಲಿ. ಒಬ್ರೇ ಕಿಟಕಿ ಹತ್ರ ನಿಂತು ನನ್ನ ಕೈ ನೋಡ್ತಾ ಇದ್ರು. ಒಳಗೆ ಬನ್ನಿ ಸಾರ್ ಅಂದೆ. ನಮ್ಮ ಮನೆಯವಳು ಇದನ್ನ ಇನ್ನೂ ಸಣ್ಣಗೆ ಮಾಡ್ತಾಳೆ ಅಂದ್ರು. ಅವತ್ತೇ ಇಬ್ಬರಿಗೆ ಟೇಬಲ್ ಕೇಳಿದ್ರು.”

ಆ ಬೇಸಿಗೆ ನನಗೆ ಗೊತ್ತು. ಹೇಳಿಬಿಡುತ್ತೇನೆ. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಬೆಂಗಳೂರಿಗೆ ಕರೆದದ್ದು ಒಂದೇ ಸಲ. ಎರಡು ಟಿಕೆಟ್ ತೆಗೆಸಿಕೊಂಡೇ ಊರಿಗೆ ಬಂದಿದ್ದರು. ‘ನಡೀ, ಒಂದ ತಿಂಗಳ ಇದ್ದ ನೋಡು, ಸೇರಿದ್ರ ಅಲ್ಲೇ ಮನಿ ಮಾಡೂಣು’ ಎಂದರು. ಅದು ಶಾವಿಗೆ ಕಾಲ. ನಮ್ಮಲ್ಲಿ ಶಾವಿಗೆಯನ್ನು ಒಬ್ಬರೇ ಮಾಡುವುದಿಲ್ಲ, ಮುಯ್ಯಿಯ ಮೇಲೆ ಮಾಡುತ್ತಾರೆ. ಇವತ್ತು ನಮ್ಮ ಮನೆಯ ಹಿಟ್ಟಿಗೆ ನೀವು ಕೈ ಹಚ್ಚಿದರೆ ನಾಳೆ ನಿಮ್ಮ ಮನೆಯ ಹಿಟ್ಟಿಗೆ ನಾನು ಕೈ ಹಚ್ಚಬೇಕು. ನಮ್ಮ ಮನೆಯದು ಮೊದಲೇ ಮುಗಿದಿತ್ತು. ನಾಲ್ಕು ಮನೆಯ ಹೆಂಗಸರು ಬಂದು ಹೊಸೆದು ಹೋಗಿದ್ದರು. ಆ ನಾಲ್ಕು ಮನೆಯ ಕೆಲಸ ನನ್ನ ಕೈಯ ಮೇಲಿತ್ತು.

‘ಈ ಬ್ಯಾಸಗಿ ಆಗೂದಿಲ್ರೀ, ನಾಕ ಮನಿ ಮುಯ್ಯಿ ಐತಿ, ಬಿಟ್ಟ ಹೋದ್ರ ಓಣಿಯವರು ಏನಂದಾರು,’ ಎಂದೆ. ಅವರು ‘ಹೂಂ’ ಎಂದರು. ಒಂದು ಟಿಕೆಟ್ ರದ್ದು ಮಾಡಿಸಿ ಹೋದರು. ಮತ್ತೆ ಕರೆಯಲಿಲ್ಲ. ನಾನೂ ಕೇಳಲಿಲ್ಲ, ಮುಂದಿನ ವರ್ಷ ಕರೆಯುತ್ತಾರೆ ಬಿಡು ಅಂದುಕೊಂಡೆ. ಅವರು ಬಾಯಿ ಬಿಟ್ಟು ಎರಡನೇ ಸಲ ಕೇಳುವ ಮನುಷ್ಯರಲ್ಲ, ನಾನು ಬಗ್ಗಿ ಕೇಳುವವಳಲ್ಲ. ಹೀಗೆಯೇ ಐದು ವರ್ಷ ಹೋಯಿತು. ಇಲ್ಲಿ ನೋಡಿದರೆ ಈ ಮೂಲೆಯಲ್ಲಿ, ವಾರವಾರ ನನಗೆ ತಟ್ಟೆ ಇಟ್ಟುಕೊಂಡು ಬಾಗಿಲು ನೋಡುತ್ತಾ ಕೂತಿದ್ದರು. ನಾನು ಬದುಕಿರುವಾಗಲೇ ನನಗೆ ಎಡೆ ಇಟ್ಟಿದ್ದರು.

ಸೆಲ್ವಿ ಊಟ ತಂದಳು. ಅವಳು ಒತ್ತಿದ ಆ ಪುಟ್ಟ ಕಿವಿಗಳು; ಇಟಲಿಯವರ ಹೆಸರೂ ಅದೇ ಅರ್ಥದ್ದಂತೆ, ಒರೆಕಿಯೆಟ್ಟೆ. ಬೇಯಿಸಿ, ಎಣ್ಣೆಯಲ್ಲಿ ಬೆಳ್ಳುಳ್ಳಿ, ಸೊಪ್ಪು, ಒಣಮೆಣಸಿನಕಾಯಿ ಹಾಕಿ ತಿರುವಿದ್ದು. “ಸಾರ್‌ದು ಚೀಸ್ ಇಲ್ಲ,” ಎಂದಳು. ಮತ್ತೆ ಏನೋ ನೆನಪಾಗಿ ಒಳಗೆ ಓಡಿ, ಒಂದು ಗಾಜಿನ ಬಾಟಲಿ ತಂದು ನನ್ನ ಮುಂದಿಟ್ಟಳು. “ಇದು ಇಲ್ದೆ ತಿಂತಾನೇ ಇರ್ಲಿಲ್ಲ. ಓನರ್‌ಗೆ ಗೊತ್ತಾಗ್ದಂಗೆ ಫ್ರಿಜ್ ಹಿಂದ್ಗಡೆ ಇಟ್ಟಿದ್ದೀನಿ. ರಿಪೇರಿ ಟೈಮಲ್ಲಿ ನಮ್ಮನೇಗೆ ತಗೊಂಡೋಗಿದ್ದೆ, ಎಲ್ಲಿ ಬಿಸಾಕ್ಬಿಡ್ತಾರೋ ಅಂತ.”

ಬಾಟಲಿಯ ತಳದಲ್ಲಿ ನಾಲ್ಕು ಬೆರಳಷ್ಟು ಶೇಂಗಾ ಚಟ್ನಿಪುಡಿ ಇತ್ತು. ನಾನು ಕುಟ್ಟಿದ್ದು. ಎಣ್ಣೆ ಸೋರದಿರಲೆಂದು ಮುಚ್ಚಳದ ಸುತ್ತ ನಾನೇ ಕಟ್ಟಿಕೊಡುತ್ತಿದ್ದ ಮಗ್ಗದ ಕೆಂಪು ನೂಲು ಬಾಟಲಿಯ ಕುತ್ತಿಗೆಯಲ್ಲಿ ಹಾಗೇ ಇತ್ತು, ನನ್ನ ಗಂಟಿನ ಸಮೇತ. ಇಪ್ಪತ್ತು ವರ್ಷದಲ್ಲಿ ಆ ಚಟ್ನಿಯ ಬಗ್ಗೆ ಅವರು ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಚೆನ್ನಾಗಿದೆಯೋ ಎಂದು ಕೇಳಿದರೆ ‘ಹೂಂ’, ಉಪ್ಪು ಹೆಚ್ಚಾಯಿತೋ ಎಂದರೂ ‘ಹೂಂ’. ನನಗೆ ಆಗ ಅಲ್ಲೇ ಜೋರಾಗಿ ಅಳಬೇಕೆನ್ನಿಸಿತು, ಅಷ್ಟೇ ಜೋರಾಗಿ ಬಯ್ಯಬೇಕೆಂದೂ ಅನ್ನಿಸಿತು.

ಎರಡನ್ನೂ ಮಾಡಲಿಲ್ಲ. ಅರ್ಧ ಊಟವನ್ನು ಎದುರಿನ ತಟ್ಟೆಗೆ ಬಡಿಸಿದೆ. ಮೇಲೆ ಚಟ್ನಿಪುಡಿ ಉದುರಿಸಿದೆ. ಲೋಟಕ್ಕೆ ನೀರು ತುಂಬಿಟ್ಟೆ. ಆಮೇಲೆ ಎದ್ದು ಹೊರಗೆ ಹೋಗಿ, ಹೋಟೆಲಿನ ಬಾಗಿಲನ್ನು ಮುಂದೆ ಮಾಡಿಕೊಂಡು, ಅದಕ್ಕೆ ಬೆನ್ನು ಮಾಡಿ ನಿಂತೆ.

ರಸ್ತೆಯಲ್ಲಿ ದೀಪ ಹತ್ತುವ ಹೊತ್ತು. ದೂರದಲ್ಲಿ ಮೆಟ್ರೊ ಹಾದುಹೋದ ಸದ್ದು. ಯಾರೋ ನಾಯಿ ಹಿಡಿದುಕೊಂಡು ಹೋದರು, ಒಳಗೆ ಹೋಗಬೇಕಾದ ಜೋಡಿಯೊಂದು ನನ್ನನ್ನು ವಿಚಿತ್ರವಾಗಿ ನೋಡಿ ‘ಕ್ಲೋಸಾ?’ ಎಂದು ಕೇಳಿತು. “ಐದು ನಿಮಿಷ,” ಎಂದೆ. ಬೆನ್ನ ಹಿಂದಿನ ಗಾಜಿನ ಬಾಗಿಲು ಬೆಚ್ಚಗಿತ್ತು. ಒಳಗೆ ಚಮಚ ತಟ್ಟೆಗೆ ತಾಗಿದ ಸದ್ದು ಕೇಳಿತು. ಆರು ಟೇಬಲ್ಲಿನ ಹೋಟೆಲು, ಯಾರದಾದರೂ ಚಮಚವಿರಬಹುದು. ನಾನು ತಿರುಗಿ ನೋಡಲಿಲ್ಲ, ನೋಡಬಾರದೆಂದೇ ನಮ್ಮಲ್ಲಿ ಹೇಳುವುದು.

ಒಳಗೆ ಬಂದಾಗ ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿಟ್ಟಿತ್ತು. ಸೆಲ್ವಿ ಪಕ್ಕದಲ್ಲೇ ನಿಂತಿದ್ದಳು. “ಸಾರ್ ಬರೋಷ್ಟ್ರಲ್ಲಿ ಆರೋಗ್ಬಾರ್ದು ಅಂತ ಮುಚ್ಚಿಟ್ಟೆ ಮೇಡಂ. ಫೋನ್ ಮಾಡೋಕೆ ಹೋಗಿದ್ರಾ? ಎಲ್ಲಿದ್ದಾರಂತೆ?”

ಆಗ ಹೇಳಿದೆ. “ಯುಗಾದಿಗೆ ಹೋದ್ರು ಸೆಲ್ವಿ. ಬರೋ ಯುಗಾದಿಗೆ ವರ್ಷ ಆಗ್ತದ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ಅವರ ಕುರ್ಚಿಯಲ್ಲಿ ಕೂರಲಿಲ್ಲ. ಪಕ್ಕದಿಂದ ಬೇರೆ ಕುರ್ಚಿ ಎಳೆದುಕೊಂಡು ಕೂತು, “ನಾನು ಅವರಿಗೆ ಮೆಸೇಜ್ ಹಾಕಿದ್ನಲ್ಲಾ ಅಕ್ಕಾ,” ಎಂದಳು. ಮೇಡಂ ಹೋಗಿ ಅಕ್ಕ ಬಂದಿತ್ತು. ಈ ಊರಿಗೆ ಬಂದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಎಡೆಯ ವಿಷಯ ಹೇಳಿದೆ. ಅವಳು ಎದ್ದು ಕಣಕ ತೆಗೆದಳು. ಇದು ಒಣಗಿಸಿದರೆ ಕೆಡುವುದಿಲ್ಲ, ಊರಿಗೆ ಒಯ್ಯಬಹುದು ಎಂದಳು. ಮುಂದಿನ ಮೂರು ಗುರುವಾರ ನಾನು ಹೋದೆ, ಅವಳ ಹಲಗೆಯ ಮುಂದೆ ನಿಂತು ಒತ್ತಿದೆ. ನನ್ನ ಕಿವಿಗಳು ಸಣ್ಣವಾಗುತ್ತಿದ್ದವು, ಕೈ ಗೌಲಿಯ ಅಳತೆಗೇ ಓಡುತ್ತಿತ್ತು. “ಸಾರ್ ಹೇಳಿದ್ದು ನಿಜ,” ಎಂದಳು ಸೆಲ್ವಿ. ಐದು ವರ್ಷ ನನಗೆ ಟೇಬಲ್ ಹಾಕಿದವಳ ಹಿಟ್ಟಿಗೆ ನನ್ನ ಕೈ ತಾಗಿತು. ಮುಯ್ಯಿ ಎಲ್ಲಿ ಹೋದರೂ ಬಿಡುವುದಿಲ್ಲ.

ವರ್ಷದ ದಿನ ಗುರುವಾರವೇ ಬಿತ್ತು. ಬೆಟಗೇರಿಯಲ್ಲಿ ಅತ್ತೆ ಡಬ್ಬಿ ತೆಗೆದು, ಒಂದನ್ನು ಹಿಡಿದು ತಿರುಗಿಸಿ ನೋಡಿದರು. “ಇದೇನವಾ, ಗೌಲಿನ ಬಿಡು. ಸ್ವಲ್ಪ ದಪ್ಪ ಮಾಡ್ಯಾರ,” ಎಂದರು. ಇಷ್ಟು ದೂರ ಹೋಗಿ ಮಗ ಮನೆಯ ಗೌಲಿಯನ್ನೇ ಹುಡುಕಿಕೊಂಡನೆಂದು ಅವರಿಗೆ ಸಮಾಧಾನವಾಯಿತು. ಎರಡನೇ ತಟ್ಟೆಯ ವಿಷಯ ನಾನು ಹೇಳಲಿಲ್ಲ. ಸಂಜೆ ಹೋಳಿಗೆ, ಕಡುಬಿನ ಪಕ್ಕ ಬೆಳ್ಳುಳ್ಳಿ ಹಾಕಿದ ಆ ಕಿವಿಗಳನ್ನೂ ಬಡಿಸಿ, ಚಟ್ನಿಪುಡಿ ಉದುರಿಸಿ, ಎಲ್ಲರೂ ಪಡಸಾಲೆಗೆ ಬಂದು ಬಾಗಿಲು ಮುಂದೆ ಮಾಡಿದೆವು. ಓಣಿಯ ಹೆಂಗಸರು ಬಂದಿದ್ದರು. ಹಿಂದೆ ನಾನು ಮುಯ್ಯಿ ತೀರಿಸಿದ ಆ ನಾಲ್ಕು ಮನೆಯವರೂ ಇದ್ದರು. “ಸುವರ್ಣಾ, ಯಾವಾಗ ಹೊಳ್ಳಿ ಬರ್ತೀ? ಶಾವಗಿ ಕಾಲ ಬಂತು,” ಎಂದರು ಒಬ್ಬರು. ನಾನು ‘ಹೂಂ’ ಎಂದೆ.

ಆಗ ಕೈಯಲ್ಲಿದ್ದ ಫೋನು ಅಲುಗಿತು. ಸೆಲ್ವಿಯ ಸಂದೇಶ.

‘ಅಕ್ಕಾ, ಇಲ್ಲೂ ಟೇಬಲ್ ಹಾಕಿದ್ದೀನಿ. ಎರಡು ತಟ್ಟೆ. ಬಾಗಿಲು ಹತ್ರ ನಾನೇ ನಿಂತಿದ್ದೀನಿ.’

ಮುಚ್ಚಿದ ಬಾಗಿಲನ್ನು ನೋಡಿದೆ. ಒಳಗೆ ಸದ್ದಿರಲಿಲ್ಲ. ಇಲ್ಲಿ ಹೆತ್ತ ತಾಯಿ ಕಾಯುತ್ತಿದ್ದರು, ಅಲ್ಲಿ ಮೂಲೆಯ ಟೇಬಲ್ಲು ಕಾಯುತ್ತಿತ್ತು. ಅವರು ಯಾವ ಬಾಗಿಲಿಗೆ ಹೋದರೋ ಎಂದು ಯೋಚಿಸುತ್ತಾ, ನಾನು ಯಾವ ಬಾಗಿಲಲ್ಲಿ ನಿಂತಿರಬೇಕಿತ್ತು ಎಂದೂ ಯೋಚಿಸಿದೆ. ಅತ್ತೆ ಪಿಸುದನಿಯಲ್ಲಿ, “ಬಂದಿರಬೇಕಲ್ಲ?” ಎಂದರು.

ನಾನು ಈರಣ್ಣನವರ ಫೋನಿನಿಂದ, ಅವರ ನಂಬರಿನಿಂದ, ಅವರದೇ ಮಾತಿನಲ್ಲಿ ಸೆಲ್ವಿಗೆ ಉತ್ತರ ಬರೆದೆ.

‘ಇವತ್ತೂ ಅವಳಿಗೆ ಬಸ್ ತಪ್ಪಿತು, ಸೆಲ್ವಿ. ಅವಳ ಪಾಲೂ ನಾನೇ ತಿನ್ನುತ್ತೇನೆ.’